ಮನೆಯಲ್ಲೇ ಹೆರಿಗೆ ಅಂತ ಇದ್ದೇನೆ, ಸಕಲೇಶಪುರದ ಹೆತ್ತೂರು ಕಡೆ. ಏನೇನು ರೆಡಿ ಮಾಡಿಕೊಳ್ಳಬೇಕು?

ಹೆತ್ತೂರು ಸೊಸೆ:
ನನಗೀಗ 33 ವಾರ, ಎರಡನೇದು. ಮೊದಲನೇದು ನಾರ್ಮಲ್ಲೇ ಆಗಿದ್ದು, ಆದರೆ ಆ ಆಸ್ಪತ್ರೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳೆಸುತ್ತದೆ. ಹನ್ನೊಂದು ಗಂಟೆ ಅಂಗಾತ ಮಲಗಿಸಿಟ್ಟಿದ್ದರು, ಅಮ್ಮನನ್ನು ಒಳಗೆ ಬಿಡಲಿಲ್ಲ, ಕಿರುಚಿದ್ದಕ್ಕೆ ಬೈಗುಳ ಬೇರೆ. ಈ ಸಲ ಮನೆಯಲ್ಲೇ ಆಗಲಿ ಅಂತ ಆಸೆ. ನಮ್ಮೆಜಮಾನರ ದೊಡ್ಡಮ್ಮ ಎಎನ್ಎಂ, ಅಂದರೆ ಹೆರಿಗೆ ಮಾಡಿಸುವ ನರ್ಸ್ ಆಗಿ ರಿಟೈರ್ ಆದವರು, ನೂರಾರು ಹೆರಿಗೆ ಮಾಡಿಸಿದ ಕೈ, ಬರುತ್ತೇನೆ ಅಂದಿದ್ದಾರೆ. ಬಿಪಿ, ಶುಗರ್ ಸರಿ ಇದೆ. ಹಿಮೋಗ್ಲೋಬಿನ್ 10.2. ಡೇಟು ಜುಲೈ ಕೊನೇ ವಾರ. ಅತ್ತೆ ಆಗಲೇ ಬಚ್ಚಲ ಹಂಡೆ ತಿಕ್ಕಿಸಿದ್ದಾರೆ. ಹಳೇ ಸೀರೆ, ದಾರ, ಹೊಸ ಬ್ಲೇಡು ಬಿಟ್ಟು ಇನ್ನೇನು ಬೇಕು? ಆಸ್ಪತ್ರೆಗೆ ಹೋಗಿ ಅಂತ ಮಾತ್ರ ಹೇಳಬೇಡಿ, ಅದನ್ನು ಊರವರೆಲ್ಲ ಹೇಳಿ ಆಯ್ತು.

ಲೇಬರ್ ವಾರ್ಡ್ ಅಕ್ಕ:
ಹೇಳಲ್ಲ ಬಿಡಮ್ಮ. ಹಾಸನದಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಟಾಫ್ ನರ್ಸ್ ನಾನು, ನೀನು ಹೇಳಿದ ಬೈಗುಳ ನಾನೂ ಕೇಳಿದ್ದೇನೆ, ನಾಚಿಕೆ ಆಗುತ್ತದೆ. ಆದರೆ ಸೀರೆ, ಬ್ಲೇಡು ಆಮೇಲೆ. ಮೊದಲು ದೊಡ್ಡಮ್ಮನನ್ನು ಕೇಳು, ಮಾಸು ಬಿದ್ದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡುತ್ತೀರಿ ಅಂತ. ರಕ್ತ ಜಾಸ್ತಿ ಹೋಗದಿರಲು ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ 10 ಯೂನಿಟ್ ತೊಡೆಗೆ ಕೊಡಬೇಕು, ಆ ಇಂಜೆಕ್ಷನ್ ಫ್ರಿಜ್ಜಿನಲ್ಲಿ ಇರಬೇಕು. ನಿಮ್ಮ ಕಡೆ ಜುಲೈನಲ್ಲಿ ಕರೆಂಟು ಎಷ್ಟು ದಿನ ಇರುತ್ತದೆ ಅಂತ ನಿನಗೇ ಗೊತ್ತು. ಅರ್ಧ ಲೀಟರ್ ಹೋದರೇ ನಾವು ಓಡಾಡಲು ಶುರು ಮಾಡುತ್ತೇವೆ, 11ಕ್ಕಿಂತ ಕಡಿಮೆ ಹಿಮೋಗ್ಲೋಬಿನ್ ಇರುವವಳಿಗೆ ಅಷ್ಟು ಹೋದರೆ ತಡೆಯುವುದು ಇನ್ನೂ ಕಷ್ಟ. ಇನ್ನೊಂದು, ಮಗು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಬೇಕು, ಅದಕ್ಕೆ ಕೈಯಲ್ಲಿ ಒತ್ತಿ ಗಾಳಿ ಕೊಡುವ ಅಂಬು ಬ್ಯಾಗು, ಪುಟ್ಟ ಮಾಸ್ಕು ಬೇಕು. ಮತ್ತೆ ಎರಡು ಜನ ಬೇಕು, ಒಬ್ಬರು ತಾಯಿಗೆ, ಒಬ್ಬರು ಮಗುವಿಗೆ. ದೊಡ್ಡಮ್ಮನಿಗೆ ಇರುವುದು ಎರಡೇ ಕೈ.
ನಿನ್ನ ಬ್ಲಡ್ ಗ್ರೂಪ್ ಯಾವುದು? ನೆಗೆಟಿವ್ ಆಗಿ ಮಗು ಪಾಸಿಟಿವ್ ಆದರೆ ಮುಂದಿನ ಬಸಿರಿಗೆ ತೊಂದರೆ ಆಗದಂತೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು. ತಾಯಿ ಕಾರ್ಡ್ ನೋಡಿ ಹೇಳು.

ಎಸ್ಟೇಟ್ ರೈಟರ್:
ನಾವು ಮೂಡಿಗೆರೆ ಕಡೆಯವರು. ನಮ್ಮದು ಬೇಕು ಅಂತ ಮಾಡಿಕೊಂಡ ಮನೆ ಹೆರಿಗೆ ಅಲ್ಲ. ರಾತ್ರಿ ಎರಡಕ್ಕೆ ನೋವು ಶುರು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ 108ಕ್ಕೆ ಫೋನ್ ಮಾಡಿದೆ, ಗಾಡಿ ಬಂತು, ಆದರೆ ತೋಟದ ರಸ್ತೆಗೆ ಸಿಲ್ವರ್ ಓಕ್ ಅಡ್ಡ ಬಿದ್ದಿತ್ತು. ನಾವು ಗರಗಸ ಹಿಡಿದು ಮರ ಕೊಯ್ಯುತ್ತಿದ್ದಾಗಲೇ ಲೈನ್ ಮನೆಯ ಅಜ್ಜಿಯೊಬ್ಬರು ಹೆರಿಗೆ ಮಾಡಿಸಿಬಿಟ್ಟರು. ತಾಯಿ ಚೆನ್ನಾಗಿದ್ದಳು. ಎಡವಟ್ಟಾಗಿದ್ದು ಮಗುವಿನ ವಿಷಯದಲ್ಲಿ. ಎಲ್ಲರೂ ಸೇರಿ ಬಿಸಿನೀರಲ್ಲಿ ಮೀಯಿಸಿಬಿಟ್ಟರು, ಹೊರಗೆ ಮಳೆ, ಗಾಳಿ, ಅರ್ಧ ಗಂಟೆಯಲ್ಲಿ ಪಾದ ಎಲ್ಲ ಮಂಜುಗಡ್ಡೆ. ಆಮೇಲೆ ಡಾಕ್ಟರು ಹೇಳಿದರು, ಮೊದಲ ದಿನ ಸ್ನಾನವೇ ಬೇಡ, ಒರೆಸಿ ಅಮ್ಮನ ಎದೆಗೆ ಹಾಕಿ ಮೇಲೆ ಕಂಬಳಿ ಹೊದಿಸಬೇಕಿತ್ತು ಅಂತ. ನಿಮ್ಮತ್ತೆ ಹಂಡೆ ಅಂದಿದ್ದಕ್ಕೆ ನೆನಪಾಯ್ತು.

ಚಿಕ್ಕಮಗಳೂರಿನವಳು:
ನಾನು ಬೆಂಗಳೂರಿನಲ್ಲಿ ಮಿಡ್‌ವೈಫ್ ಕೈಯಲ್ಲಿ ಹೆತ್ತವಳು. ಕೂತು, ಕುಕ್ಕರಗಾಲಲ್ಲಿ, ಗಂಡನ ಕುತ್ತಿಗೆಗೆ ಜೋತುಬಿದ್ದು, ನನಗೆ ಹೇಗೆ ಬೇಕೋ ಹಾಗೆ. ಆ ಆಸೆ ತಪ್ಪಲ್ಲ ಅಂತ ಹೇಳೋಕೇ ಬರೆಯುತ್ತಿದ್ದೇನೆ. ಆದರೆ ಅವರು ಮೊದಲ ದಿನವೇ ಕೇಳಿದ್ದು ಆಸ್ಪತ್ರೆ ಎಷ್ಟು ದೂರ ಅಂತ. ಅವಳಿ, ಕಾಲು ಕೆಳಗಿರುವ ಮಗು, ಹಿಂದೆ ಸಿಸೇರಿಯನ್, ಬಿಪಿ, ಇದರಲ್ಲಿ ಒಂದಿದ್ದರೂ ಮನೆ ಮಾತೇ ಬೇಡ ಅಂದಿದ್ದರು. ಗರ್ಭದ ನೀರು ಹಸಿರಾಗಿ ಬಂದರೆ, ಜ್ವರ ಬಂದರೆ ಚರ್ಚೆ ಇಲ್ಲದೆ ಕಾರು ಹತ್ತಬೇಕು. ಬ್ಯಾಗು ಕಾರಲ್ಲೇ ಇತ್ತು, ಕೊನೆಗೂ ಬಿಚ್ಚಲಿಲ್ಲ.
ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 2016ರಲ್ಲೇ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಒಪ್ಪಿದೆ, ಅವರು ಸ್ವತಃ ಹೆತ್ತವರಾಗಿರಬೇಕು. ಈಗಲೇ ಹೋಗಿ ಕೇಳಿಟ್ಟುಕೊಳ್ಳಿ, ಬಾಗಿಲಲ್ಲಿ ನಿಂತು ಜಗಳ ಆಡುವ ಹೊತ್ತಲ್ಲ ಅದು.

ಹೆತ್ತೂರು ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಬಿ ಪಾಸಿಟಿವ್ ಅಕ್ಕ. ದೊಡ್ಡಮ್ಮನನ್ನು ಕೇಳಿದೆ, ಸ್ವಲ್ಪ ಹೊತ್ತು ಸುಮ್ನಿದ್ದು, "ರಕ್ತ ನಿಲ್ಲದೆ ಒಬ್ಬಳನ್ನು ಜೀಪಲ್ಲಿ ಹಾಕಿಕೊಂಡು ಹೋಗಿದ್ದೆ ಮಾರಾಯ್ತಿ, ಅವತ್ತು ರಸ್ತೆ ಚೆನ್ನಾಗಿತ್ತು" ಅಂದರು. ಇಲ್ಲಿಂದ ಸಕಲೇಶಪುರಕ್ಕೆ ಮಳೆಯಲ್ಲಿ ಎಷ್ಟು ಹೊತ್ತು ಅಂತ ಯಾರೂ ಹೇಳೋಕಾಗಲ್ಲ. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ, ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆಗೆ ಆಟೋದಲ್ಲಿ ಐದು ನಿಮಿಷ. 37 ವಾರಕ್ಕೆ ದೊಡ್ಡಮ್ಮನನ್ನೂ ಕರೆದುಕೊಂಡು ಅಲ್ಲಿಗೆ ಹೋಗುವುದು ಅಂತ ಆಗಿದೆ. ನೋವು ಬಂದಾಗ ಆದಷ್ಟು ಹೊತ್ತು ಮನೆಯಲ್ಲೇ ಓಡಾಡಿಕೊಂಡಿದ್ದು, ಐದು ನಿಮಿಷಕ್ಕೊಂದು ಬರೋಕೆ ಶುರುವಾದಾಗ ಹೊರಡೋಣ ಅಂತ. ಒಳಗೆ ಜೊತೆಗೆ ದೊಡ್ಡಮ್ಮ ಇರಬಹುದಾ ಅಂತ ಸೋಮವಾರ ಹೋಗಿ ಕೇಳುತ್ತೇನೆ. ಬಿಡಲ್ಲ ಅಂದರೆ ಏನು ಮಾಡುತ್ತೇನೋ ಗೊತ್ತಿಲ್ಲ, ನಿಜವಾಗಲೂ. ಅತ್ತೆಗೆ ಸಿಟ್ಟು ಬಂದಿದೆ. ಬಾಣಂತನಕ್ಕೆ ಹಂಡೆ ಬೇಕೇ ಬೇಕಲ್ವಾ ಅಂತ ಸಮಾಧಾನ ಮಾಡಿದ್ದೇನೆ.

ಲೇಬರ್ ವಾರ್ಡ್ ಅಕ್ಕ:
ಐದು ನಿಮಿಷಕ್ಕೆ ಕಾಯಬೇಡ, ಎರಡನೇದು ಬೇಗ ಬಂದುಬಿಡುತ್ತದೆ. ಹತ್ತು ನಿಮಿಷಕ್ಕೊಂದು ಅನ್ನುವಾಗಲೇ ಆಟೋಗೆ ಹೇಳು. ಮತ್ತೆ ಕಬ್ಬಿಣದ ಮಾತ್ರೆ ನುಂಗುವುದಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಕಾಫಿ ಮುಟ್ಟಬೇಡ. ನಿಮ್ಮ ಸೀಮೆಯಲ್ಲಿ ಅದು ಕಷ್ಟ, ಗೊತ್ತು.