ಮಳೆಕಾಡಿನ ನಡಿಗೆ: ಚಾರಣವೇ? ಮುಂದೆ ನಡೆಯುವವರು ಮಾರ್ಗದರ್ಶಿಯೇ, ಮುಂದಾಳೇ?

ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಪ್ರವಾಸಿಗರನ್ನು ಕಾಲ್ನಡಿಗೆಯಲ್ಲಿ ಕರೆದೊಯ್ದು ಪ್ರಾಣಿ, ಪಕ್ಷಿ, ಮರಗಳನ್ನು ಪರಿಚಯಿಸುವ ಕೆಲಸಕ್ಕೆ ಸೇರಲಿರುವ ಹಳ್ಳಿಯ ಯುವಕ ಯುವತಿಯರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಅದರ ಇಂಗ್ಲಿಷ್ ಮೂಲವನ್ನು ಕನ್ನಡಕ್ಕೆ ತರುವ ಹೊಣೆ ಮೈಸೂರಿನ ನಮ್ಮ ಗೆಳೆಯರ ಗುಂಪಿಗೆ ಬಂದಿದೆ. ಕೆಲಸ ಅರ್ಧ ಮುಗಿದಿದೆ. ಕೆಲವು ಮಾತುಗಳಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ನನ್ನ ನಿಲುವನ್ನು ಕಾರಣಸಹಿತ ಬರೆಯುತ್ತೇನೆ. ಒಪ್ಪದವರು ಬದಲಿ ಪದವನ್ನೂ ಅದು ಬಳಕೆಯಲ್ಲಿರುವ ಊರನ್ನೂ ಸೇರಿಸಿ ಉತ್ತರಿಸಬೇಕೆಂದು ಕೋರುತ್ತೇನೆ.

ಮೊದಲನೆಯದು ಚಾರಣ. ಟ್ರೆಕ್ಕಿಂಗ್ ಎಂಬುದಕ್ಕೆ ಈ ಪದ ಪತ್ರಿಕೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ, ಅದನ್ನು ಅಲುಗಾಡಿಸುವ ಉದ್ದೇಶ ನನಗಿಲ್ಲ. ಹಳೆಯ ಜೈನ ಕಾವ್ಯಗಳಲ್ಲಿ ಚಾರಣರೆಂದರೆ ಆಕಾಶದಲ್ಲಿ ಸಂಚರಿಸಬಲ್ಲ ಮುನಿಗಳು. ಸಂಸ್ಕೃತದಲ್ಲಿ ಊರೂರು ಅಲೆದು ಹಾಡುವ ಹೊಗಳುಭಟರಿಗೂ ಇದೇ ಹೆಸರು. ಈಗ ಬೆನ್ನಿಗೆ ಚೀಲ ಹೊತ್ತು ಕುಮಾರಪರ್ವತವನ್ನೋ ಬ್ರಹ್ಮಗಿರಿಯನ್ನೋ ಏರುವುದು ಚಾರಣ. ಪದದ ಅರ್ಥ ಬದಲಾಗುವುದು ಸಹಜ. ನನ್ನ ತಕರಾರು ಬೇರೆಯದು. ಚಾರಣ ಎಂದೊಡನೆ ಕೇಳುವವರ ಮನಸ್ಸು ಶಿಖರದ ಕಡೆಗೆ ಓಡುತ್ತದೆ. ಎಷ್ಟು ಕಿಲೋಮೀಟರ್, ಎಷ್ಟು ಎತ್ತರ, ಎಷ್ಟು ಹೊತ್ತು ಎಂಬ ಲೆಕ್ಕ ಶುರುವಾಗುತ್ತದೆ. ಮಳೆಕಾಡಿನಲ್ಲಿ ಪ್ರಾಣಿಗಳಿಗಾಗಿ ನಡೆಯುವವರಿಗೆ ಆ ಲೆಕ್ಕವೇ ಶತ್ರು. ಅಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲಬೇಕು, ಆಲಿಸಬೇಕು, ಮೇಲೆ ನೋಡಬೇಕು, ಮತ್ತೆ ನಾಲ್ಕು ಹೆಜ್ಜೆ ಇಡಬೇಕು. ದಟ್ಟ ಮಳೆಕಾಡಿನ ನೆಲಕ್ಕೆ ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ ಇಳಿಯುತ್ತದೆ. ಜೀವಜಾಲದ ಬಹುಪಾಲು ತಲೆಯ ಮೇಲೆ, ಕೊಂಬೆಗಳಲ್ಲಿದೆ. ಬೇಗ ನಡೆದವನಿಗೆ ಅಲ್ಲಿ ಸಿಗುವುದು ಬರೀ ಬೆವರು.

ಅರಣ್ಯ ವಿಹಾರ ಎಂಬ ಮಾತೂ ಈಗ ಚಲಾವಣೆಯಲ್ಲಿದೆ, ರಾಜ್ಯದ ಚಾರಣ ಮುಂಗಡ ನೋಂದಣಿಯ ಜಾಲತಾಣದ ಹೆಸರೇ ಅದು. ಹೆಸರಾಗಿ ಇಂಪಾಗಿದೆ. ಆದರೆ ವಿಹಾರದಲ್ಲಿ ವಿರಾಮ ಮುಂದು, ಗಮನ ಹಿಂದು. ಸಫಾರಿ ಸ್ವಾಹಿಲಿಯಿಂದ ಬಂದ ಮಾತು. ಅಲ್ಲಿ ಅದಕ್ಕೆ ಪ್ರಯಾಣವೆಂದಷ್ಟೇ ಅರ್ಥವಿದ್ದರೂ ಬಂಡೀಪುರ, ಕಬಿನಿಗಳ ದೆಸೆಯಿಂದ ನಮ್ಮ ಕಡೆ ಅದು ಜೀಪು ಅಥವಾ ಬಸ್ಸಿನ ಸವಾರಿಯಾಗಿಬಿಟ್ಟಿದೆ. ಗಸ್ತು ಅರಣ್ಯ ಸಿಬ್ಬಂದಿಯ ಕಾವಲು ನಡಿಗೆ, ಅದನ್ನು ಅವರಿಗೇ ಬಿಡಬೇಕು. ಇವೆಲ್ಲವನ್ನೂ ಬದಿಗಿಟ್ಟು ನಾನು ‘ಕಾಡುನಡಿಗೆ’ ಎಂದು ಬರೆದಿದ್ದೇನೆ. ಸಪ್ಪೆ ಎಂದು ಒಬ್ಬ ಗೆಳತಿ ಆಕ್ಷೇಪಿಸಿದ್ದಾಳೆ. ನಡಿಗೆ ಎಂಬುದಕ್ಕೆ ಕನ್ನಡದಲ್ಲಿ ನಡೆಯುವ ರೀತಿ ಎಂಬ ಅರ್ಥವೂ ಇದೆಯಲ್ಲ, ಆನೆಯ ನಡಿಗೆ, ಹಂಸದ ನಡಿಗೆ ಎನ್ನುವಾಗಿನಂತೆ. ಕಾಡಿನಲ್ಲಿ ಹೇಗೆ ನಡೆಯಬೇಕೆಂಬುದೇ ಕೈಪಿಡಿಯ ಮುಖ್ಯ ಪಾಠವಾದ್ದರಿಂದ ನನಗೆ ಈ ಪದ ಒಪ್ಪಿಗೆಯಾಗಿದೆ.

ನಿಜವಾದ ತೊಡಕು ಇರುವುದು ಮುಂದೆ ನಡೆಯುವ ವ್ಯಕ್ತಿಯ ಹೆಸರಿನಲ್ಲಿ.

ಮಾರ್ಗದರ್ಶಿ ಎಂದು ಎಲ್ಲರೂ ಬರೆಯುತ್ತಾರೆ. ಮಾನಸಗಂಗೋತ್ರಿಯ ಸುತ್ತಮುತ್ತ ಮಾರ್ಗದರ್ಶಿ ಎಂದರೆ ಪಿಎಚ್‌.ಡಿ. ಪ್ರಬಂಧಕ್ಕೆ ಸಹಿ ಹಾಕುವ ಪ್ರಾಧ್ಯಾಪಕರು. ಅರಮನೆಯ ಬಾಗಿಲಲ್ಲಿ, ಸೋಮನಾಥಪುರದಲ್ಲಿ, ಶ್ರೀರಂಗಪಟ್ಟಣದಲ್ಲಿ ಗೈಡ್ ಎನ್ನುತ್ತೇವೆ, ಅಲ್ಲಿಗೆ ಅದು ಸರಿಯೇ, ಏಕೆಂದರೆ ಅವರ ಕೆಲಸ ವಿವರಿಸುವುದು. ಕಾಡಿನಲ್ಲಿ ಕೆಲಸ ಒಂದಲ್ಲ, ಎರಡು. ಉಗಾಂಡಾದ ಬ್ವಿಂಡಿ ಕಾಡಿನ ಉದಾಹರಣೆಯನ್ನು ಕೈಪಿಡಿ ಕೊಡುತ್ತದೆ. ಅಲ್ಲಿ ಗೊರಿಲ್ಲಾಗಳನ್ನು ನೋಡಲು ಒಂದು ತಂಡದಲ್ಲಿ ಹೆಚ್ಚೆಂದರೆ 8 ಪ್ರವಾಸಿಗರನ್ನು ಬಿಡುತ್ತಾರೆ, ಗೊರಿಲ್ಲಾಗಳ ಬಳಿ ಒಂದು ಗಂಟೆ ಮಾತ್ರ ಇರಬಹುದು. ಆದರೆ ಪ್ರವಾಸಿಗರು ಹೊರಡುವ ಮೊದಲೇ, ಬೆಳಗಿನ ಹೊತ್ತಿನಲ್ಲೇ, ಕೆಲವರು ಕಾಡಿಗೆ ಹೋಗಿರುತ್ತಾರೆ. ಗೊರಿಲ್ಲಾಗಳು ಹಿಂದಿನ ದಿನ ಇದ್ದ ಜಾಗದಿಂದ ಮುರಿದ ದಂಟು, ತಿಂದುಳಿದ ಸಿಪ್ಪೆ, ಮಲ, ರಾತ್ರಿ ಮಲಗಿದ್ದ ಎಲೆಯ ಹಾಸು ಇವುಗಳನ್ನು ಹಿಡಿದು ಹಿಂಬಾಲಿಸಿ ಗುಂಪನ್ನು ಪತ್ತೆಮಾಡಿ ಸುದ್ದಿ ಕಳುಹಿಸುತ್ತಾರೆ. ಆ ಸುದ್ದಿಯ ಜಾಡಿನಲ್ಲಿ ಇನ್ನೊಬ್ಬರು ಪ್ರವಾಸಿಗರನ್ನು ಕರೆತರುತ್ತಾರೆ. ಇಬ್ಬರಿಗೂ ಮಾರ್ಗದರ್ಶಿ ಎಂದು ಬರೆದರೆ ಮೊದಲನೆಯವರ ವಿದ್ಯೆಯೇ ಪುಟದಿಂದ ಮಾಯವಾಗುತ್ತದೆ. ಸಾಮಾನ್ಯವಾಗಿ ಆ ಮೊದಲನೆಯವರೇ ಕಾಡಂಚಿನ ಬಡವರು, ಹೆಸರಿನಲ್ಲಾದರೂ ಅವರು ಉಳಿಯಬೇಕು.

ಅವರಿಗೆ ನಾನು ಸೂಚಿಸುವ ಮಾತು ಜಾಡುಗಾರ. ಕನ್ನಡದಲ್ಲಿ ಕುರುಹು, ಸುಳಿವು, ಜಾಡು ಮೂರೂ ಇವೆ, ಮೂರೂ ಒಂದೇ ಅಲ್ಲ. ಕಾಂಡದ ಮೇಲಿನ ಒಂದು ಉಗುರು ಗೀರು ಕುರುಹು. ಅದರಿಂದ ಮನಸ್ಸಿಗೆ ಹೊಳೆಯುವ ಊಹೆ ಸುಳಿವು. ಕುರುಹುಗಳು ಒಂದರ ಹಿಂದೊಂದು ಸಾಲಾಗಿ ನಿಂತು ಒಂದು ದಿಕ್ಕನ್ನು ತೋರಿದರೆ ಜಾಡು. ಅದನ್ನು ಕಾಣುವುದಲ್ಲ, ಹಿಡಿಯುವುದು, ತಪ್ಪಿದರೆ ಕಳೆದುಕೊಳ್ಳುವುದು. ಜಾಡು ಹಿಡಿ, ಜಾಡು ತಪ್ಪು ಎಂಬ ನುಡಿಗಟ್ಟುಗಳಲ್ಲೇ ಆ ಕೆಲಸದ ಒಳವಿವರ ಅಡಗಿದೆ. ಎರಡು ಆಕ್ಷೇಪಗಳು ಬಂದಿವೆ. ಗಟ್ಟಿಯಾಗಿ ಓದಿದಾಗ ಜಾದೂಗಾರ ಎಂದು ಕೇಳಿಸುತ್ತದೆ ಎಂಬುದು ಒಂದು. ಸಂದರ್ಭವಿದ್ದಾಗ ಅಂಥ ಗೊಂದಲ ನಿಲ್ಲುವುದಿಲ್ಲ ಎಂದು ನನ್ನ ಅನಿಸಿಕೆ. ಇನ್ನೊಂದು, ಬೇಟೆಗಾರ, ಬೇಹುಗಾರ ಪದಗಳ ಪಕ್ಕದಲ್ಲಿ ನಿಂತು ಇದಕ್ಕೂ ಬೇಟೆಯ ವಾಸನೆ ಬರುತ್ತದೆ ಎಂಬುದು. ಬರಲಿ. ಜಾಡು ಓದುವ ವಿದ್ಯೆ ಹುಟ್ಟಿದ್ದೇ ಬೇಟೆಯಲ್ಲಿ. ಕಾಕನಕೋಟೆಯಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆಯುವವರೆಗೂ ಕಾಡಾನೆಗಳನ್ನು ಪತ್ತೆಹಚ್ಚಿ ಸುತ್ತುಗಟ್ಟುವುದರಲ್ಲಿ ಕುರುಬರ ಈ ವಿದ್ಯೆ ದುಡಿದಿತ್ತು. ಖೆಡ್ಡಾ ನಿಂತರೂ ವಿದ್ಯೆ ಉಳಿಯಿತು, ಈಗ ಅದನ್ನು ಕಾಯುವ ಕೆಲಸಕ್ಕೆ ಬಳಸುತ್ತಿದ್ದೇವೆ. ಆ ಇತಿಹಾಸವನ್ನು ಮರೆಮಾಚುವ ನಯವಾದ ಪದ ಬೇಕಿಲ್ಲ.

ಎರಡನೆಯವರಿಗೆ, ಅಂದರೆ ಗುಂಪನ್ನು ನಡೆಸುವವರಿಗೆ, ದಾರಿಗ ಎಂಬ ಸಲಹೆ ಬಂದಿತ್ತು. ದಾರಿಗ ಎಂದರೆ ದಾರಿಹೋಕ. ದಾರಿಯಲ್ಲಿ ಹೋಗುವವನು, ತೋರಿಸುವವನಲ್ಲ. ನನಗೆ ಹಿಡಿಸಿರುವುದು ಮುಂದಾಳು. ರಾಜಕೀಯ ವರದಿಗಳಲ್ಲಿ ಸವೆದಿದೆ ನಿಜ, ಆದರೆ ಬಿಡಿಸಿ ನೋಡಿದರೆ ಮುಂದೆ ಇರುವ ಆಳು. ಕಾಡುನಡಿಗೆಯ ಮೊದಲ ನಿಯಮವೂ ಅದೇ: ಯಾರೂ ಮುಂದಾಳನ್ನು ದಾಟಿ ಹೋಗಬಾರದು. ಗುಂಪಿನ ಕೊನೆಯಲ್ಲಿ ಇನ್ನೊಬ್ಬರು ಇರಬೇಕೆಂದು ಕೈಪಿಡಿ ಹೇಳುತ್ತದೆ. ಅವರು ಹಿಂದಾಳು. ಜೋಡಿ ಪದ ತಾನಾಗಿ ಸಿಕ್ಕಿತು, ವಿವರಣೆಯೇ ಬೇಡ.

ಇನ್ನು ನೆಲದ ಮೇಲಿನ ಗುರುತುಗಳು. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಶ್ರೀಮಂತವಾಗಿದೆ, ಆದರೂ ನಮ್ಮ ಪಠ್ಯಗಳು ಎಲ್ಲಕ್ಕೂ ಮಲ, ವಿಸರ್ಜನೆ ಎಂದು ಬರೆದು ಸುಮ್ಮನಾಗುತ್ತವೆ. ಆನೆಯದು, ಕುದುರೆಯದು ಲದ್ದಿ. ದನ, ಎಮ್ಮೆಗಳದು ಸಗಣಿ, ಹಾಗಾಗಿ ಕಾಟಿಯದೂ, ಅಂದರೆ ಕಾಡೆಮ್ಮೆಯದೂ, ಸಗಣಿಯೇ. ಆಡು, ಕುರಿ, ಮೊಲ, ಇಲಿಗಳದು ಹಿಕ್ಕೆ, ಅದೇ ದಾರಿಯಲ್ಲಿ ಕಡವೆ, ಕಾಡುಕುರಿ, ಬರಿಂಕ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿ ಇವುಗಳದೂ ಹಿಕ್ಕೆ. ಹುಲಿ, ಚಿರತೆಗಳಿಗೆ ಮಾತ್ರ ಮಲವನ್ನು ಉಳಿಸಿಕೊಂಡಿದ್ದೇನೆ. ಪದ ಕೇಳಿದೊಡನೆ ಆಕಾರವೂ ಪ್ರಾಣಿಯ ಗುಂಪೂ ತಿಳಿಯುವಂಥ ಅನುಕೂಲವನ್ನು ಬಿಟ್ಟುಕೊಡುವುದು ನಷ್ಟ. ಹಂದಿಯದಕ್ಕೆ, ಕರಡಿಯದಕ್ಕೆ ನಿಮ್ಮೂರಲ್ಲಿ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ. ದಸರಾ ಆನೆಗಳೊಡನೆ ಅರಮನೆಯ ಆವರಣದಲ್ಲಿ ಬೀಡುಬಿಡುವ ಮಾವುತ, ಕಾವಾಡಿ ಕುಟುಂಬಗಳ ಹಿರಿಯರನ್ನೂ ಕೇಳಬೇಕೆಂದಿದ್ದೇನೆ. ಹುಣಸೂರು, ಹೆಗ್ಗಡದೇವನಕೋಟೆ ಕಡೆಯವರು ತಮ್ಮ ಹತ್ತಿರದ ಹಾಡಿಗಳಲ್ಲಿ ವಿಚಾರಿಸಿದರೆ ಇನ್ನೂ ಒಳ್ಳೆಯದು.

ಹಾಡಿ ಎಂದೊಡನೆ ಒಂದು ಎಚ್ಚರಿಕೆ. ನಮ್ಮ ಕಡೆ ಹಾಡಿ ಎಂದರೆ ಜೇನು ಕುರುಬರು, ಬೆಟ್ಟ ಕುರುಬರು ಮುಂತಾದವರ ವಸತಿ. ಕುಂದಾಪುರ, ಉಡುಪಿಯ ಕಡೆ ಹಾಡಿ ಎಂದರೆ ಮನೆಯ ಹಿಂದಿನ ಚಿಕ್ಕ ಕಾಡು. ಹಡ್ಲು ಕೂಡ ಹೀಗೆಯೇ. ನಾಗರಹೊಳೆಯಲ್ಲಿ ಅದು ಕಾಡಿನ ನಡುವಿನ ಜವುಗು ಹುಲ್ಲುಬಯಲು, ಜಿಂಕೆ, ಆನೆಗಳು ಮೇಯಲು ಬರುವ ಜಾಗ. ಕರಾವಳಿಯಲ್ಲಿ ಹಡಿಲು ಎಂದರೆ ಬೇಸಾಯ ಬಿಟ್ಟು ಪಾಳುಬಿದ್ದ ಗದ್ದೆ. ಕೈಪಿಡಿ ಆಗುಂಬೆಯಲ್ಲೂ ಕೊಡಗಿನಲ್ಲೂ ಓದಿಸಿಕೊಳ್ಳಬೇಕಾದ್ದರಿಂದ ಇಂಥ ಪದಗಳ ಪಕ್ಕದಲ್ಲಿ ಊರಿನ ಹೆಸರನ್ನೂ ಕೊಡಲು ತೀರ್ಮಾನಿಸಿದ್ದೇವೆ.

ಕಾಡಿನ ಹೆಸರಿಗೇ ಬಂದರೆ, ಶಾಲೆಯ ಭೂಗೋಳದ ನಿತ್ಯಹರಿದ್ವರ್ಣ ಕಾಡು ನಾಲಿಗೆಗೂ ಭಾರ, ಅರ್ಥದಲ್ಲೂ ಅಗಲ. ಎಲೆ ಉದುರಿ ಬೋಳಾಗದ ಕಾಡೆಲ್ಲ ಮಳೆಕಾಡಲ್ಲ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಆಗುಂಬೆಯಲ್ಲಿ 7,000 ದಾಟುವುದು ಹೊಸತಲ್ಲ. ಆ ವ್ಯತ್ಯಾಸವೇ ಕಾಡನ್ನು ಮಾಡುವುದರಿಂದ ಮಳೆ ಹೆಸರಿನಲ್ಲೇ ಇರಲಿ. ಮಳೆಕಾಡು ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ಅದನ್ನೇ ಇಟ್ಟಿದ್ದೇನೆ. ಸೊರಬ, ಸಾಗರ, ಸಿದ್ದಾಪುರದ ಕಡೆಯ ಕಾನು ಎಂಬ ಮಾತಿನ ಮೇಲೆ ನನಗೆ ಆಸೆಯಿದೆ. ಕತ್ತಲುಗವಿದ ದಟ್ಟ ಹಸಿರು ಕಾಡಿಗೆ ಅದಕ್ಕಿಂತ ಚಿಕ್ಕದಾದ, ತುಂಬಿದ ಪದವಿಲ್ಲ. ತಮಿಳಿನ ಕಾನಮ್ ಇದರ ಬಂಧು. ಆದರೆ ದೇವರಿಗೆ ಬಿಟ್ಟ ಕಾಡು, ಊರವರು ಮೆಣಸು ಕೊಯ್ಯುವ ಹಕ್ಕಿನ ಕಾಡು ಎಂಬ ಸ್ಥಳೀಯ ಅರ್ಥಗಳು ಅದಕ್ಕೆ ಅಂಟಿಕೊಂಡಿವೆ. ಬೋರ್ನಿಯೋದ ಕಾಡನ್ನು ಕಾನು ಎಂದು ಕರೆದರೆ ಆ ಅರ್ಥಗಳಿಗೆ ಅನ್ಯಾಯವಾಗುತ್ತದೆ. ಮಲೆನಾಡಿನವರು ಇದರ ಬಗ್ಗೆ ಏನೆನ್ನುತ್ತೀರಿ?

ಇಂಬಳದ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಮೈಸೂರು ಸೀಮೆಯವರಿಗೆ ಗೊತ್ತಿರುವುದು ಜಿಗಣೆ, ಕೆರೆಯಲ್ಲಿ ಎಮ್ಮೆಯ ಕಾಲಿಗೆ ಕಚ್ಚುವಂಥದ್ದು. ಮಳೆಕಾಡಿನ ಎಲೆಗಸದಲ್ಲಿ ನಿಗುರಿ ನಿಂತು ಹಾದುಹೋಗುವವರ ಪಾದಕ್ಕೆ ಹತ್ತುವುದು ಇಂಬಳ, ಕೆಲವೆಡೆ ಉಂಬಳ. ಎರಡಕ್ಕೂ ಜಿಗಣೆ ಎಂದು ಬರೆದರೆ ನೀರಿಗಿಳಿಯದಿದ್ದರೆ ಸಾಕೆಂದು ಓದುಗ ತಿಳಿದಾನು.

ಸದ್ದುಗಳ ಅಧ್ಯಾಯದಲ್ಲಿ ಮೂಲದ ಅಲಾರ್ಮ್ ಕಾಲ್ ಎಂಬ ಪದವನ್ನು ಎಲ್ಲರೂ ಎಚ್ಚರಿಕೆ ಕರೆ ಎಂದು ಅನುವಾದಿಸುತ್ತಾರೆ. ಕರೆ ಎಂದರೆ ಯಾರನ್ನೋ ಬಳಿಗೆ ಬರಹೇಳುವುದು. ಕೆಂದಳಿಲು ಚಿರತೆಯನ್ನು ಕಂಡು ಚೀರುವುದು ಅದಕ್ಕಲ್ಲ. ಕೂಗು ಸಾಕು, ಎಚ್ಚರದ ಕೂಗು, ಒಂದೇ ಪದವಾಗಿ ಬೇಕಿದ್ದರೆ ಎಚ್ಚರಗೂಗು. ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ರೆಕ್ಕೆಯ ಸದ್ದಿಗೆ ಮೊರೆತ ಎಂದಿದ್ದೇನೆ, ಅದಕ್ಕಿಂತ ಹೊಂದುವ ಮಾತು ಬಂದರೆ ಸಂತೋಷದಿಂದ ಬದಲಿಸುತ್ತೇನೆ.

ಇದರ ಜೊತೆಗೇ ಕಾಣು ಎಂಬ ಕ್ರಿಯಾಪದದ ಬಗ್ಗೆ ಹೇಳಲೇಬೇಕು. ‘ಪ್ರವಾಸಿಗರಿಗೆ ಹುಲಿ ದರ್ಶನ ನೀಡಿತು’ ಎಂಬ ವಾಕ್ಯ ಸುದ್ದಿಗಳಲ್ಲಿ ರೂಢಿಯಾಗಿದೆ. ಹುಲಿ ಯಾರಿಗೂ ಏನನ್ನೂ ನೀಡಲು ಬಂದಿರುವುದಿಲ್ಲ. ನೀಡಬೇಕೆಂದು ಕಾದು ಕೂರುವ ಜನರನ್ನು ಈ ವಾಕ್ಯವೇ ತಯಾರಿಸುತ್ತದೆ, ಆಮೇಲೆ ಕಾಣದಿದ್ದಾಗ ಅವರು ಮುಂದಾಳಿನ ಮೇಲೆ ರೇಗುತ್ತಾರೆ. ಕನ್ನಡಕ್ಕೆ ಸಹಜವಾದದ್ದು ‘ನಮಗೆ ಹುಲಿ ಕಂಡಿತು’. ಇಲ್ಲಿ ಕರ್ತೃ ಹುಲಿ, ನಾವು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದೇವೆ. ಕಾಡಿನಲ್ಲಿ ನಮ್ಮ ಸ್ಥಾನವೂ ಅದೇ. ಮಳೆಕಾಡಿನಲ್ಲಂತೂ ಕಂಡಿತು ಎನ್ನುವುದಕ್ಕಿಂತ ಕೇಳಿಸಿತು ಎನ್ನುವ ಸಂದರ್ಭಗಳೇ ಹೆಚ್ಚು. ಸಿಂಗಳೀಕಗಳ ಗುಂಪೊಂದು ಎತ್ತರದ ಕೊಂಬೆಗಳಲ್ಲಿ ಹಾದುಹೋದರೆ ಮೊದಲು ತಿಳಿಯುವುದು ಉದುರುವ ಹಣ್ಣಿನ ಚೂರು, ಅಲುಗುವ ಎಲೆ. ಕೈಪಿಡಿಯ ಉದ್ದಕ್ಕೂ ಈ ಎರಡು ಕ್ರಿಯಾಪದಗಳನ್ನೇ ಬಳಸಲು ನಾನು ಹಟ ಹಿಡಿದಿದ್ದೇನೆ.

ಸೂಚನೆಗಳ ಭಾಷೆಯೂ ಹಾಗೆಯೇ ನೇರವಾಗಿರಬೇಕು. ‘ಅನಗತ್ಯ ಶಬ್ದವನ್ನು ಉಂಟುಮಾಡತಕ್ಕದ್ದಲ್ಲ’ ಎಂಬ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಆನೆ ತಿರುಗಿರುತ್ತದೆ. ‘ಮಾತಾಡಬೇಡಿ. ಅಲುಗಬೇಡಿ. ಗಾಳಿಗೆ ಎದುರಾಗಿ ನಡೆಯಿರಿ.’ ಇಷ್ಟೇ ಸಾಕು.

ಮರದ ಪದಗಳು ಚಿಕ್ಕವು. ಮಳೆಕಾಡಿನ ಮೇಲ್ಪದರಕ್ಕೆ ಮರನೆತ್ತಿ, ಬುಡದಿಂದ ಗೋಡೆಯಂತೆ ಚಾಚುವ ಬೇರಿಗೆ ಹಲಗೆಬೇರು ಎಂದಿದ್ದೇನೆ. ಕೊಂಬೆಯ ಮೇಲೆ ಬೆಳೆದರೂ ಮರದ ರಸ ಹೀರದ ಸೀತಾಳೆ ದಂಡೆಯಂಥವಕ್ಕೆ ಬಂದಳಿಕೆ ಎನ್ನುವುದು ತಪ್ಪು, ಬಂದಳಿಕೆ ರಸ ಹೀರುವ ಗಿಡ. ಅವುಗಳಿಗೆ ಅಪ್ಪುಗಿಡ ಸೂಕ್ತ.

ಕೊನೆಗೊಂದು ವ್ಯಾಕರಣದ ಪ್ರಶ್ನೆ. ತರಬೇತಿಗೆ ಬರುವವರಲ್ಲಿ ಹುಡುಗಿಯರೂ ಇದ್ದಾರೆ. ಮುಂದಾಳು, ಹಿಂದಾಳು ಪದಗಳು ಹೇಗೂ ಇಬ್ಬರಿಗೂ ಸಲ್ಲುತ್ತವೆ. ಜಾಡುಗಾರನಿಗೆ ಹಾಡುಗಾರ್ತಿಯ ಮಾದರಿಯಲ್ಲಿ ಜಾಡುಗಾರ್ತಿ ಎನ್ನಬೇಕೇ, ಸೊಗಸುಗಾತಿಯ ಮಾದರಿಯಲ್ಲಿ ಜಾಡುಗಾತಿ ಎನ್ನಬೇಕೇ? ನನ್ನ ಕಿವಿಗೆ ಎರಡನೆಯದು ಹಗುರವಾಗಿದೆ, ಗುಂಪಿನ ಉಳಿದವರೆಲ್ಲ ಮೊದಲನೆಯದರ ಕಡೆಗಿದ್ದಾರೆ. ಕೈಪಿಡಿ ಅಚ್ಚಿಗೆ ಹೋಗುವ ಮೊದಲು ಇದು ತೀರ್ಮಾನವಾಗಬೇಕಾಗಿದೆ.