ಡಲ್ಲಾಸ್ ಮನೆ ಯಾರ ಹೆಸರಿಗೆ?

ಡಲ್ಲಾಸ್ ಚಿಕ್ಕಪ್ಪ: ಫಾರ್ವರ್ಡ್ ಬಂದ ವಿಡಿಯೊ, ಎಲ್ಲರೂ ನೋಡಿ. ಮಕ್ಕಳ ಹೆಸರನ್ನು ಈಗಲೇ ಮನೆಯ ಹಕ್ಕುಪತ್ರಕ್ಕೆ, ಅಂದರೆ ಡೀಡ್‌ಗೆ ಸೇರಿಸಿದರೆ ಪ್ರೊಬೇಟ್ ಕೋರ್ಟಿನ (ತೀರಿಕೊಂಡವರ ವಿಲ್, ಆಸ್ತಿ ಇತ್ಯರ್ಥ ಮಾಡುವ ಕೋರ್ಟು) ಗೋಳೇ ಇಲ್ಲವಂತೆ. ಮುಂದಿನ ವಾರ ಮಗನ ಹೆಸರು ಸೇರಿಸಿಬಿಡುತ್ತೇನೆ.

ಹ್ಯೂಸ್ಟನ್ ಅಕ್ಕ: ಬೇಡ ಚಿಕ್ಕಪ್ಪ! ಹೆಸರು ಸೇರಿಸಿದ ಕ್ಷಣದಿಂದ ಅವನೂ ಮಾಲೀಕ. ಮಾರಬೇಕೆಂದರೆ ಅವನ ಸಹಿ ಬೇಕು, ಅವನ ಬಿಸಿನೆಸ್ ಮುಳುಗಿದರೆ ಸಾಲಗಾರರು ಆ ಪಾಲಿನ ಮೇಲೂ ಕಣ್ಣು ಹಾಕುತ್ತಾರೆ. ಟೆಕ್ಸಾಸ್‌ನಲ್ಲಿ 2015ರಿಂದ ಟ್ರಾನ್ಸ್‌ಫರ್ ಆನ್ ಡೆತ್ ಡೀಡ್ ಇದೆಯಲ್ಲ, ನಿಮ್ಮ ನಂತರ ಮನೆ ಪ್ರೊಬೇಟ್ ಇಲ್ಲದೆ ನೀವು ಹೆಸರಿಸಿದವರಿಗೆ ಹೋಗುವ ಪತ್ರ. ನೀವಿರುವ ತನಕ ಮನೆ ಪೂರ್ತಿ ನಿಮ್ಮದೇ, ಮನಸ್ಸು ಬದಲಾದರೆ ರದ್ದು ಮಾಡಬಹುದು, ಮಗನ ಒಪ್ಪಿಗೆಯೂ ಬೇಡ.

ಚಿಕ್ಕಪ್ಪನ ಮಗ: ನಾನೂ ಈ ಗುಂಪಿನಲ್ಲಿದ್ದೇನೆ 😀 ಅಪ್ಪ, ಈಗ ಕೊಟ್ಟರೆ ಟ್ಯಾಕ್ಸ್ ಲೆಕ್ಕಕ್ಕೆ ನೀವು ಕೊಂಡ ಬೆಲೆಯೇ ನನಗೂ ಅಂಟುತ್ತದೆ. ನನ್ನ ಪಾಲು 1 ಲಕ್ಷ ಡಾಲರ್‌ನದ್ದು ಮುಂದೆ 3 ಲಕ್ಷಕ್ಕೆ ಮಾರಿದರೆ ಮಧ್ಯದ 2 ಲಕ್ಷಕ್ಕೂ ಟ್ಯಾಕ್ಸ್. ನಿಮ್ಮ ನಂತರ ಬಂದರೆ ಆ ದಿನದ ಬೆಲೆಯಿಂದ ಲೆಕ್ಕ ಶುರು.

ಡಲ್ಲಾಸ್ ಚಿಕ್ಕಪ್ಪ: ವಿಲ್ ಬರೆದಿಟ್ಟಿದ್ದೇನಲ್ಲ, ಅದೇ ಸಾಕಲ್ವಾ?

ಹ್ಯೂಸ್ಟನ್ ಅಕ್ಕ: ವಿಲ್ ನಡೆಯಬೇಕಾದರೆ ಪ್ರೊಬೇಟ್‌ಗೇ ಹೋಗಬೇಕು. ಎಲ್ಲರೂ ಎಡವುವುದು ಇಲ್ಲೇ.

ಫ್ರೀಮಾಂಟ್ ಭಾವ: ಕ್ಯಾಲಿಫೋರ್ನಿಯಾದಲ್ಲೂ ಈ ಡೀಡ್ ಇದೆ, ಆದರೆ ಇಬ್ಬರು ಸಾಕ್ಷಿ ಬೇಕು, ನೋಟರಿ ಆಗಿ 60 ದಿನದೊಳಗೆ ರೆಕಾರ್ಡ್ ಆಗಬೇಕು. ನಾವು ಟ್ರಸ್ಟ್ ಮಾಡಿಸಿ ಸುಮ್ಮನಾದೆವು.

ಮೈಸೂರು ದೊಡ್ಡಪ್ಪ: ಇಷ್ಟೆಲ್ಲ ಯಾಕೆ? ನಾನು ದಾನಪತ್ರ ಮಾಡಿ ಕೈ ತೊಳೆದುಕೊಂಡೆ.

ಹ್ಯೂಸ್ಟನ್ ಅಕ್ಕ: ಅದೇ ಭಯ ನನಗೆ, ನಿಜವಾಗಿಯೂ ಕೈ ತೊಳೆದುಕೊಂಡ ಹಾಗೇ. ನಿಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲಿದೆಯಾ? ಇಲ್ಲದಿದ್ದರೆ ಮಗ ಕೈಬಿಟ್ಟಾಗ 2007ರ ಹಿರಿಯ ನಾಗರಿಕರ ಕಾಯ್ದೆ ಹಿಡಿದು ಮನೆ ವಾಪಸ್ ಕೇಳುವುದು ಕಷ್ಟ. ಮೈಸೂರಿನ ಮನೆಯ ವಿಲ್‌ಗೆ ಪ್ರೊಬೇಟ್ ಕಡ್ಡಾಯವೂ ಅಲ್ಲ, ನೀವು ಯಾವುದರಿಂದ ತಪ್ಪಿಸಿಕೊಳ್ಳೋಕೆ ಓಡಿದಿರಿ?

ದೊಡ್ಡಮ್ಮ: ಷರತ್ತು ಇದೆ ಕಣೇ. ನಾನೇ ಬರೆಸಿದ್ದು, ಇವರು ಓದದೆ ಸಹಿ ಹಾಕಿದರು.

ಡಲ್ಲಾಸ್ ಚಿಕ್ಕಪ್ಪ: ಸರಿ, ಆ ಟ್ರಾನ್ಸ್‌ಫರ್ ಡೀಡೇ ಮಾಡೋಣ. ಮನೆ ನಿಮ್ಮ ಚಿಕ್ಕಮ್ಮನ ಹೆಸರಲ್ಲೂ ಇದೆ, ಅವಳು ಊರಲ್ಲಿದ್ದಾಳೆ, ಪವರ್ ಆಫ್ ಅಟಾರ್ನಿ ನನ್ನ ಹತ್ತಿರ ಇದೆ. ಅವಳ ಸಹಿಯನ್ನೂ ನಾನೇ ಹಾಕಲಾ?

ಹ್ಯೂಸ್ಟನ್ ಅಕ್ಕ: ಇದಕ್ಕೆ ಅದು ನಡೆಯೋದಿಲ್ಲ. ಚಿಕ್ಕಮ್ಮನೇ ನೋಟರಿ ಮುಂದೆ ಸಹಿ ಮಾಡಬೇಕು, ನೀವು ಬದುಕಿರುವಾಗಲೇ ಕೌಂಟಿ ಕ್ಲರ್ಕ್ ಹತ್ತಿರ ರೆಕಾರ್ಡ್ ಆಗಬೇಕು. ಬೀರುವಿನಲ್ಲಿಟ್ಟು ಹೋದರೆ ಅದು ಬರೀ ಕಾಗದ. ಹಾಂ, ಸಾಲ ಇದ್ದರೆ ಅದೂ ಮನೆ ಜೊತೆ ಹೋಗುತ್ತದೆ.

ಚಿಕ್ಕಮ್ಮ: ಬೆಳಗ್ಗೆಯಿಂದ ಓದುತ್ತಿದ್ದೇನೆ, ಬರೀ ಮಗ ಮಗ ಅಂತಲೇ ಇದೆ. ಮಗಳ ಹೆಸರೂ ಸೇರಲಿ, ಆಮೇಲೆ ಸಹಿ ಕೇಳಿ.