ಯಾವ ಪುಸ್ತಕ ಓದೋದು? ಸಣ್ಣ ಉದ್ಯಮಿಗಳ ಬಳಗದ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಉದ್ಯಮ, ನಾಯಕತ್ವ, ಹೊಸತನ, ಸ್ವಂತ ಬೆಳವಣಿಗೆ – ಈ ವಿಷಯದ ಪುಸ್ತಕಗಳ ಬಗ್ಗೆ ಇವತ್ತು ಕೇಳಬಹುದು. ಉತ್ತರ ಕೊಡುವವರು ಸಣ್ಣ ಕಾರ್ಖಾನೆಗಳ ಸಲಹೆಗಾರ್ತಿ. ಒಬ್ಬರಿಗೆ ಒಂದೇ ಪ್ರಶ್ನೆ. ಪಿಡಿಎಫ್ ಹಾಕಬೇಡಿ.

ದಾವಣಗೆರೆ ಬೇಕರಿ: ನಮಸ್ಕಾರ ಮೇಡಂ. 22 ಜನ ಕೆಲಸಕ್ಕಿದ್ದಾರೆ. ನಾಯಕತ್ವಕ್ಕೆ ಅಂತ ಮೊದಲು ಯಾವ ಪುಸ್ತಕ ಓದಲಿ?

ಸಲಹೆಗಾರ್ತಿ: ನಮಸ್ಕಾರ. ಇಂಟೆಲ್‌ನ ಆಂಡಿ ಗ್ರೋವ್ ಬರೆದ ‘ಹೈ ಔಟ್‌ಪುಟ್ ಮ್ಯಾನೇಜ್‌ಮೆಂಟ್’ (1983). ಚಿಪ್ ಕಂಪನಿಯವರು ಅಂತ ಹೆದರಬೇಡಿ, ತಿಂಡಿಯಿಂದಲೇ ಶುರು ಮಾಡುತ್ತಾರೆ. ಮೂರು ನಿಮಿಷ ಬೇಯಿಸಿದ ಮೊಟ್ಟೆ, ಬೆಣ್ಣೆ ಹಚ್ಚಿದ ಟೋಸ್ಟ್, ಕಾಫಿ ಮೂರೂ ಒಟ್ಟಿಗೆ ಬಿಸಿಬಿಸಿಯಾಗಿ ಟೇಬಲ್ಲಿಗೆ ಬರಬೇಕು. ಹೆಚ್ಚು ಹೊತ್ತು ಹಿಡಿಯುವುದು ಮೊಟ್ಟೆ, ಆದ್ದರಿಂದ ಉಳಿದ ಕೆಲಸದ ಸಮಯವನ್ನೆಲ್ಲ ಅದಕ್ಕೆ ಹೊಂದಿಸಬೇಕು. ನಿಮ್ಮಲ್ಲಿ ಆ ಮೊಟ್ಟೆ ಯಾವುದು, ಓವನ್ನೋ ಹಿಟ್ಟು ಹುದುಗುವುದೋ, ಅದನ್ನು ಮೊದಲು ಹುಡುಕಿ. ಆಮೇಲೆ ಕೈಕೆಳಗಿನವರ ಜೊತೆ ಒಬ್ಬೊಬ್ಬರಾಗಿ ಕೂರುವ ಭಾಗ ಓದಿ. ಅಲ್ಲಿ ಏನು ಮಾತಾಡಬೇಕೆಂಬ ಪಟ್ಟಿ ತರಬೇಕಾದವರು ಅವರು, ನೀವಲ್ಲ. 22 ಜನರ ಜೊತೆಯೂ ಕೂರೋಕಾಗಲ್ಲ, ಶಿಫ್ಟ್ ನೋಡಿಕೊಳ್ಳುವ ಮೂರ್ನಾಲ್ಕು ಜನ ಸಾಕು.

ಮಂಗಳೂರು ಗೇರುಬೀಜ: ಕ್ರಿಸ್ಟೆನ್ಸನ್ ಅವರ ‘ಇನ್ನೊವೇಟರ್ಸ್ ಡೈಲೆಮಾ’ ನಮ್ಮಂಥ ಗೇರುಬೀಜ ಫ್ಯಾಕ್ಟರಿಯವರಿಗೆ ಉಪಯೋಗ ಉಂಟಾ ಮೇಡಂ?

ಪೀಣ್ಯ ಟರ್ನಿಂಗ್: ಮೇಡಂ, ಆರು ಸಿಎನ್‌ಸಿ ಲೇತ್, ಒಂದು ಸಿಲಿಂಡ್ರಿಕಲ್ ಗ್ರೈಂಡರ್ ಇದೆ. ಶಾಫ್ಟ್ ಮಾಡ್ತೀವಿ: ಮೊದಲು ಲೇತಲ್ಲಿ ಟರ್ನಿಂಗ್ (ಕಡಿಯೋದು), ಆಮೇಲೆ ಗ್ರೈಂಡರಲ್ಲಿ ಉಜ್ಜಿ ಸರಿ ಸೈಜಿಗೆ ತರೋದು. ಲೇತ್ ಮುಗಿಸಿದ ಮಾಲು ರಾಶಿ ಬಿದ್ದಿದೆ, ಡೆಲಿವರಿ ಮಾತ್ರ ಹತ್ತು ದಿನ ಲೇಟು. ಗ್ರೈಂಡಿಂಗ್ ಪೀಸಿಗೆ 4 ನಿಮಿಷ. ದಿನಕ್ಕೆ ಎರಡು ಸೆಟ್ಟಿಂಗ್ (ಬೇರೆ ಸೈಜಿಗೆ ಯಂತ್ರ ಹೊಂದಿಸೋದು), ಒಂದೊಂದು 45 ನಿಮಿಷ. ಒಂದೇ ಶಿಫ್ಟ್. ಕೊನೆಗೆ ನೂರಕ್ಕೆ 8 ರಿಜೆಕ್ಟ್, ಹೆಚ್ಚಿನವು ಟರ್ನಿಂಗ್ ಸೈಜಿಂದ. ಪಾರ್ಟಿಗೆ ದಿನಕ್ಕೆ 105 ಬೇಕು. ಹುಡುಗರಿಗೆ ಹುಮ್ಮಸ್ಸು ಬರೋ ಪುಸ್ತಕ ಹೇಳಿ.

ಸಲಹೆಗಾರ್ತಿ: ಹುಮ್ಮಸ್ಸಿನ ಪುಸ್ತಕ ಬೇಡ. ಹುಡುಗರು ಹುಮ್ಮಸ್ಸಿನಿಂದ ಲೇತ್ ಓಡಿಸಿದರೆ ಆ ರಾಶಿ ಇನ್ನಷ್ಟು ಎತ್ತರವಾಗುತ್ತೆ, ಅಷ್ಟೇ.

ನೀವು ಓದಬೇಕಾದ್ದು ಗೋಲ್ಡ್‌ರಾಟ್ ಅವರ ‘ದಿ ಗೋಲ್’ (1984). ಕಾದಂಬರಿ. ಮೂರು ತಿಂಗಳಲ್ಲಿ ಮುಚ್ಚಿಹೋಗಬಹುದಾದ ಕಾರ್ಖಾನೆಯ ಮ್ಯಾನೇಜರನ ಕಥೆ. ಮಕ್ಕಳನ್ನು ಕಾಡಿನ ದಾರಿಯಲ್ಲಿ ನಡೆಸಿಕೊಂಡು ಹೋಗುವ ಭಾಗ ಎರಡು ಸಲ ಓದಿ. ಎಲ್ಲರಿಗಿಂತ ನಿಧಾನ ನಡೆಯುವ ಹುಡುಗನನ್ನು ಮುಂದೆ ನಿಲ್ಲಿಸಿ, ಅವನ ಚೀಲದ ಭಾರ ಉಳಿದವರಿಗೆ ಹಂಚುತ್ತಾರೆ. ನಿಮ್ಮಲ್ಲಿ ಆ ಹುಡುಗ ಗ್ರೈಂಡರ್.

ಈಗ ನಿಮ್ಮದೇ ಲೆಕ್ಕ. ಶಿಫ್ಟ್ 480 ನಿಮಿಷ. ಊಟ 30, ಎರಡು ಟೀ 30, ಸೆಟ್ಟಿಂಗ್ 90 ಹೋದರೆ ಉಳಿಯೋದು 330. ಅಂದರೆ 82 ಪೀಸು, ರಿಜೆಕ್ಟ್ ಕಳೆದು 75ರ ಸುಮಾರು. 105 ಎಲ್ಲಿಂದ ಬರಬೇಕು? ಹೊಸ ಗ್ರೈಂಡರ್‌ಗೆ ಸಾಲ ಕೇಳೋ ಮೊದಲು ಇಷ್ಟು ಮಾಡಿ. ಊಟ-ಟೀ ಹೊತ್ತಲ್ಲಿ ಯಂತ್ರ ನಿಲ್ಲಬಾರದು, ಬದಲಿ ಆಪರೇಟರ್ ನಿಲ್ಲಬೇಕು. 390 ನಿಮಿಷ ಆಯ್ತು, 97 ಪೀಸು. ಒಂದೇ ವ್ಯಾಸದ ಶಾಫ್ಟ್‌ಗಳನ್ನು ಒಟ್ಟುಮಾಡಿ ದಿನಕ್ಕೆ ಒಂದೇ ಸೆಟ್ಟಿಂಗ್‌ಗೆ ತನ್ನಿ. 435 ನಿಮಿಷ, 108 ಪೀಸು. ಇನ್ಸ್‌ಪೆಕ್ಷನ್ ಗ್ರೈಂಡರ್ ಆದಮೇಲಲ್ಲ, ಅದಕ್ಕೆ ಮುಂಚೆಯೇ ಆಗಬೇಕು. ಕೆಟ್ಟ ಪೀಸಿಗೆ ಲೇತಿನಲ್ಲಿ ಹೋಗಿದ್ದು ಬರೀ ಲೇತಿನ ಹೊತ್ತು, ಗ್ರೈಂಡರ್ ಏರಿದಮೇಲೆ ಹೋಗೋದು ಇಡೀ ಕಾರ್ಖಾನೆಯ 4 ನಿಮಿಷ. ವ್ಯಾಸದ ಮೇಲೆ 0.2ರಿಂದ 0.3 ಮಿ.ಮೀ. ಅಲೋಯನ್ಸ್ (ಗ್ರೈಂಡಿಂಗ್‌ಗೆ ಬಿಟ್ಟ ಹೆಚ್ಚುವರಿ ದಪ್ಪ) ಇದೆಯಾ ಅಂತ ಸ್ನ್ಯಾಪ್ ಗೇಜ್ (ವ್ಯಾಸ ಮಿತಿಯೊಳಗಿದೆಯಾ ತೋರಿಸೋ ಸಾಧನ) ಹಾಕಿ ನೋಡಿ. ಹೆಚ್ಚು ಬಿಟ್ಟಿದ್ದರೆ 4 ನಿಮಿಷ 6 ಆಗುತ್ತೆ, ಕಡಿಮೆ ಬಿಟ್ಟಿದ್ದರೆ ಟರ್ನಿಂಗ್ ಗೆರೆ ಉಳಿಯುತ್ತೆ.

ಆ ಪುಸ್ತಕ ಓದಿದವರು ಎಡವೋದು ಒಂದು ಕಡೆ. ಬ್ಯಾಚ್ ಅರ್ಧಕ್ಕೆ ಇಳಿಸಿ ಅಂತ ಅದರಲ್ಲಿರೋದು ಉಳಿದ ಯಂತ್ರಗಳಿಗೆ. ಗ್ರೈಂಡರ್‌ಗೂ ಹಾಗೇ ಮಾಡಿದರೆ ಸೆಟ್ಟಿಂಗ್ ಎರಡಿದ್ದದ್ದು ನಾಲ್ಕಾಗಿ ಇರೋದೂ ಹೋಗುತ್ತೆ. ಮತ್ತೆ, ಗ್ರೈಂಡರ್ ನಿನ್ನೆ ಎಷ್ಟು ಮುಗಿಸಿತೋ ಇವತ್ತು ಅಷ್ಟಕ್ಕೇ ಬಾರ್ (ಶಾಫ್ಟ್ ಮಾಡೋ ಕಚ್ಚಾ ಕಂಬಿ) ಕಟ್ ಮಾಡಿ. ಈಗಿನ ರಾಶಿ ಒಂದು ದಿನದ ಕೆಲಸದಷ್ಟು, ಅಂದರೆ ನೂರರ ಹತ್ತಿರ ಇಳಿಯೋವರೆಗೆ ಗ್ರೈಂಡರ್ ಮುಗಿಸಿದ್ದರ ಅರ್ಧದಷ್ಟು ಕಟ್ ಮಾಡಿದರೂ ಸಾಕು. ಲೇತ್ ಖಾಲಿ ನಿಂತಿದೆ ಅಂತ ಹೊಟ್ಟೆ ಉರಿಯುತ್ತೆ. ಉರೀಲಿ.

ಕೋಲಾರ ಹಾಲಿನ ಪುಡಿ: ಮೇಡಂ, ಒಂದೇ ಒಂದು ಪುಸ್ತಕ ಹೇಳಿ ಅಂದ್ರೆ?

ಸಲಹೆಗಾರ್ತಿ: ಮೇಲೆ ಎರಡು ಹೇಳಿದ್ದೀನಿ.

ಹಾಸನ ಟ್ರೇಡರ್ಸ್: *ಫಾರ್ವರ್ಡ್* 🔥 1953ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಗುರಿ ಬರೆದಿಟ್ಟ 3% ವಿದ್ಯಾರ್ಥಿಗಳು ಉಳಿದ 97%ಗಿಂತ ಹೆಚ್ಚು ಗಳಿಸಿದರು! ಯಾವ ಅಭ್ಯಾಸವಾದರೂ 21 ದಿನದಲ್ಲಿ ನಿಮ್ಮದು! ಹತ್ತು ಜನರಿಗೆ ಕಳಿಸಿ 🔥

ಸಲಹೆಗಾರ್ತಿ: ಆ ಯೇಲ್ ಅಧ್ಯಯನ ನಡೆದೇ ಇಲ್ಲ, ಯೇಲ್‌ನವರೇ ಹುಡುಕಿ ದಾಖಲೆ ಇಲ್ಲ ಅಂದಿದ್ದಾರೆ. 21 ದಿನದ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಹೊಸ ಮುಖ ಅಭ್ಯಾಸವಾಗಲು ರೋಗಿಗಳಿಗೆ *ಕನಿಷ್ಠ* ಸುಮಾರು 21 ದಿನ ಬೇಕು ಅಂದಿದ್ದರು. ಕನಿಷ್ಠ ಅನ್ನೋದನ್ನ ಫಾರ್ವರ್ಡ್ ಮಾಡೋರು ನುಂಗಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನೋಡಿದಾಗ ಬಂದ ಅಂದಾಜು 18ರಿಂದ 254 ದಿನ, ನಡುವಿನ ಅಂಕಿ 66. 22ನೇ ದಿನ ಅಭ್ಯಾಸ ಆಗಲಿಲ್ಲ ಅಂತ ಬಿಟ್ಟುಬಿಡೋರು ಈ ಫಾರ್ವರ್ಡಿನ ಗಿರಾಕಿಗಳು.

ಹಾಸನ ಟ್ರೇಡರ್ಸ್: ಒಳ್ಳೇ ವಿಚಾರ ಅಂತ ಹಾಕಿದೆ, ಅಷ್ಟೇ.

ಹುಬ್ಬಳ್ಳಿ ಹಾರ್ಡ್‌ವೇರ್: ಮೇಡಂ, ‘ಗುಡ್ ಟು ಗ್ರೇಟ್’ ಹೆಸರ ತಗೀಲೇ ಇಲ್ಲಲ್ರೀ? ಅದನ್ನ ಬಿಟ್ಟ ಮತ್ಯಾವ ಪುಸ್ತಕ್ರೀ!

ಮೈಸೂರು ಸಾಫ್ಟ್‌ವೇರ್: 2001ರಲ್ಲಿ ಆ ಪುಸ್ತಕ ಬರೆದ ಜಿಮ್ ಕಾಲಿನ್ಸ್ ‘ಗ್ರೇಟ್’ ಅಂತ ಆರಿಸಿದ 11 ಅಮೆರಿಕನ್ ಕಂಪನಿಗಳಲ್ಲಿ ಸರ್ಕಿಟ್ ಸಿಟಿ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸರಣಿ) 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಗೃಹಸಾಲದ ಕಂಪನಿ ಫ್ಯಾನಿ ಮೇ ಅದೇ ವರ್ಷ ಸರ್ಕಾರದ ಕೈಗೆ ಹೋಯ್ತು.

ಹುಬ್ಬಳ್ಳಿ ಹಾರ್ಡ್‌ವೇರ್: ಹನ್ನೊಂದರಾಗ ಎರಡು ಬಿದ್ವು ಅಂತ ಪುಸ್ತಕಾನ ಸುಳ್ಳೇನ್ರೀ? ಕಾಯಂ ಗ್ರೇಟ್ ಇರ್ತಾವ ಅಂತ ಅವ್ರೇನ ಬರಕೊಟ್ಟಾರೇನು? ಹೋಲಿಕಿಗೆ ಸೋತ ಕಂಪನೀನೂ ಇಟ್ಟಿದ್ರು.

ಮೈಸೂರು ಸಾಫ್ಟ್‌ವೇರ್: ಇಟ್ಟಿದ್ದರು ಸರ್. ಆದರೆ ಗೆದ್ದಮೇಲೆ ಹೋಗಿ ಸಂದರ್ಶನ ಮಾಡಿದರೆ ಯಾರು ತಾನೇ ‘ನಮ್ಮ ಬಾಸ್ ಅಹಂಕಾರಿ’ ಅಂತಾರೆ? ಗೆದ್ದವರ ಎಲ್ಲವೂ ಗುಣವಾಗಿ ಕಾಣುತ್ತೆ. ರೋಸನ್‌ಝ್ವೈಗ್ ‘ಹ್ಯಾಲೋ ಎಫೆಕ್ಟ್’ನಲ್ಲಿ (2007) ಹಿಡಿದಿದ್ದು ಇದನ್ನೇ.

ಹುಬ್ಬಳ್ಳಿ ಹಾರ್ಡ್‌ವೇರ್: ನೀವು ಓದೀರಿ, ನಾವು ಅಂಗಡಿ ನಡಸೇವಿ. ಆತ?

ಮೈಸೂರು ಸಾಫ್ಟ್‌ವೇರ್: ಇದಕ್ಕೂ ಅದಕ್ಕೂ ಏನು ಸಂಬಂಧ?

ಅಡ್ಮಿನ್: ಇಬ್ಬರೂ ಸಾಕು.

ಮಂಗಳೂರು ಗೇರುಬೀಜ: ಮೇಡಂ, ನನ್ನ ಪ್ರಶ್ನೆ ಮೇಲೆ ಹೋಯ್ತು.

ತುಮಕೂರು ಪ್ಯಾಕಿಂಗ್: ಮೇಡಂ, ಜನರಲ್ ಎಲೆಕ್ಟ್ರಿಕ್ (ಜಿಇ) ನಡೆಸಿದ ಜ್ಯಾಕ್ ವೆಲ್ಚ್ ಪುಸ್ತಕ ಮುಗಿಸಿದೆ. 20-70-10 ನಿಯಮ (ಮೇಲಿನ 20%ಗೆ ಬಹುಮಾನ, ನಡುವಿನ 70% ಉಳಿಕೆ, ಕೆಳಗಿನ 10% ಹೊರಗೆ) ನಮ್ಮಲ್ಲೂ ತರೋಣ ಅಂತ. ಒಂಬತ್ತು ಜನ ಇದ್ದಾರೆ. ಕೆಳಗಿನ 10% ಮುಂದಿನ ತಿಂಗಳು ತೆಗೀತೀನಿ.

ಸಲಹೆಗಾರ್ತಿ: ದಯವಿಟ್ಟು ತಡೀರಿ. ಒಂಬತ್ತರಲ್ಲಿ 10% ಅಂದರೆ ಒಬ್ಬ ಪೂರ್ತಿ ಮನುಷ್ಯನೂ ಅಲ್ಲ. ಜಿಇ ಥರ ಲಕ್ಷಾಂತರ ನೌಕರರು ಇರುವಲ್ಲಿ ಹುಟ್ಟಿದ ನಿಯಮ ಅದು. ಒಂಬತ್ತು ಜನರಲ್ಲಿ ಎಲ್ಲರೂ ಚೆನ್ನಾಗಿದ್ದರೂ ಒಬ್ಬ ಕೊನೆಯವನು ಇದ್ದೇ ಇರ್ತಾನೆ. ಅವನನ್ನು ತೆಗೆದರೆ ಮುಂದಿನ ವರ್ಷ ಇನ್ನೊಬ್ಬ. ಒಬ್ಬರಿಗೊಬ್ಬರು ಕೆಲಸ ಹೇಳಿಕೊಡೋದು ಆವತ್ತೇ ನಿಲ್ಲುತ್ತೆ. ಆಮೇಲೆ ವರ್ಷ ತುಂಬಿದ ಕಾರ್ಮಿಕನನ್ನು ಹೀಗೆ ತೆಗೆಯೋಕೆ ಒಂದು ತಿಂಗಳ ನೋಟಿಸ್ ಇಲ್ಲವೇ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಮೊದಲು ಆ ಮನುಷ್ಯ ತಪ್ಪೋದು ಯಾವ ಕೆಲಸದಲ್ಲಿ, ಗೊತ್ತಿಲ್ಲದೆಯೋ ಮನಸ್ಸಿಲ್ಲದೆಯೋ ಅಂತ ಎರಡು ವಾರ ಬರೆದಿಡಿ. ಬರೆದದ್ದನ್ನ ನೋಡದೆ ಯಾರನ್ನೂ ತೆಗೀಬೇಡಿ.

ತುಮಕೂರು ಪ್ಯಾಕಿಂಗ್: ಲೆಟರ್ ಟೈಪ್ ಆಗಿದೆ ಮೇಡಂ.

ಸಲಹೆಗಾರ್ತಿ: ಹರಿದುಹಾಕಿ.

ಕೋಲಾರ ಹಾಲಿನ ಪುಡಿ: ಯಾರಾದ್ರೂ ‘ದಿ ಗೋಲ್’ ಪಿಡಿಎಫ್ ಹಾಕ್ತೀರಾ?

ಸಲಹೆಗಾರ್ತಿ: ಅಡ್ಮಿನ್ ಮೊದಲ ಮೆಸೇಜಲ್ಲೇ ಬೇಡ ಅಂದಿದ್ದಾರೆ. ಓದೋಕೆ ಬರಲ್ವಾ?

ಹಾಸನ ಟ್ರೇಡರ್ಸ್: ಮೇಡಂಗೆ ಇವತ್ತು ಸ್ವಲ್ಪ ಕೋಪ ಜಾಸ್ತಿ.

ಹುಬ್ಬಳ್ಳಿ ಹಾರ್ಡ್‌ವೇರ್: ಮೈಸೂರಿನವ್ರ ಪುಸ್ತಕ ಓದಿದ್ರ ಕಮ್ಮಿ ಆಗತೈತಿ ಬಿಡ್ರಿ.

ಪೀಣ್ಯ ಟರ್ನಿಂಗ್: ಮೇಡಂ, ಗ್ರೈಂಡರ್ ಆಪರೇಟರ್ ಒಬ್ಬನೇ ಇರೋದು. ಊಟಕ್ಕೆ ಹೋದ್ರೆ ಯಾರು ನಿಲ್ಲೋದು?

ಸಲಹೆಗಾರ್ತಿ: ಖಾಲಿ ನಿಂತಿರೋ ಲೇತಿನ ಹುಡುಗ. ಸೆಟ್ಟಿಂಗ್, ವೀಲ್ ಡ್ರೆಸಿಂಗ್ (ಗ್ರೈಂಡರ್ ಚಕ್ರ ಹದ ಮಾಡೋದು) ಅವನ ಕೈಗೆ ಕೊಡಬೇಡಿ. ಲೋಡ್, ಅನ್‌ಲೋಡ್, ಐದು ಪೀಸಿಗೊಮ್ಮೆ ಮೈಕ್ರೋಮೀಟರ್, ಇಷ್ಟೇ. ಸೈಜ್ ಸರಿದರೆ ಯಂತ್ರ ನಿಲ್ಲಿಸಿ ಊಟ ಬಿಟ್ಟು ಬರುವಂತೆ ಆಪರೇಟರನ್ನು ಕರೀಬೇಕು. ನಾಳೆಯಿಂದಲೇ ಪಕ್ಕದಲ್ಲಿ ನಿಲ್ಲಿಸಿ.

ಪೀಣ್ಯ ಟರ್ನಿಂಗ್: ಆಪರೇಟರ್ ಒಪ್ಪಲ್ಲ, ತನ್ನ ಯಂತ್ರ ಬೇರೆಯವರು ಮುಟ್ಟಬಾರದು ಅಂತಾನೆ.

ಮಂಗಳೂರು ಗೇರುಬೀಜ: ಮೇಡಂ?